ವರ್ಕ್‌ಶಾಪಿನ ಕಾಂಕ್ರೀಟ್ ನೆಲ ಚಳಿಗೆ ಕೊರೆಯುತ್ತಿದೆ, ಮೇಲೆ ಫೋಮ್ ಹಾಸಿದರೆ ಸಾಕಾ?

ಮರಗೆಲಸ_ಮಿನ್ನೆಸೋಟ · ಅಕ್ಟೋಬರ್ 4, ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಮಿನ್ನಿಯಾಪೊಲಿಸ್ ಹತ್ತಿರ ಇದ್ದೇನೆ. ಮನೆ ಕೊಂಡಾಗ ಅದರ ಹಿಂಬದಿಗೆ ಹಳೆಯ ಮಾಲೀಕರು ಸೇರಿಸಿ ಕಟ್ಟಿಸಿದ್ದ ಒಂದು ಕೋಣೆಯೂ ಜೊತೆಗೆ ಬಂತು. 14 ಅಡಿಗೆ 20 ಅಡಿ. ಅದನ್ನೇ ಮರಗೆಲಸಕ್ಕೆ ಇಟ್ಟುಕೊಂಡಿದ್ದೇನೆ. ಗೋಡೆಗೆ, ಸೂರಿಗೆ ಶಾಖ ಸೋರದ ಹಾಗೆ ಇನ್ಸುಲೇಶನ್ ಇದೆ. ನೆಲ ಮಾತ್ರ ಬರೀ 4 ಇಂಚಿನ ಕಾಂಕ್ರೀಟ್ ಸ್ಲ್ಯಾಬ್. ಅದರ ಕೆಳಗೆ ಏನು ಹಾಕಿದ್ದಾರೋ ಹೇಳುವವರಿಲ್ಲ.

ತೊಂದರೆ ಎರಡು. ಚಳಿಗಾಲದಲ್ಲಿ ಹೀಟರ್ ಹಾಕಿ ಕೋಣೆಯನ್ನು 62 ಡಿಗ್ರಿ ಫ್ಯಾರನ್‌ಹೀಟ್‌ಗೆ ತಂದರೂ ನೆಲ ಕೊರೆಯುತ್ತದೆ. ಅರ್ಧ ಗಂಟೆ ನಿಂತರೆ ಪಾದ ಮರಗಟ್ಟುತ್ತದೆ. ಹೋದ ಜನವರಿಯಲ್ಲಿ ಒಂದು ಸ್ಟೂಲಿನ ಕಾಲುಗಳನ್ನು ಅಂಟಿಸಿ, ಕ್ಲ್ಯಾಂಪ್ ಬಿಗಿದು ನೆಲದ ಮೇಲೇ ಇಟ್ಟಿದ್ದೆ. ಎರಡನೇ ದಿನ ಎತ್ತಿದಾಗ ಒಂದು ಕಾಲು ಕೈಯಲ್ಲೇ ಬಂತು. ಸಂದಿನಲ್ಲಿ ಅಂಟು ಸೀಮೆಸುಣ್ಣದ ಪುಡಿಯ ಹಾಗೆ ಬೆಳ್ಳಗೆ ಉದುರುತ್ತಿತ್ತು.

ಎರಡನೆಯದು ಬೇಸಿಗೆಯದು. ಜುಲೈನಲ್ಲಿ ನೆಲ ಒದ್ದೆಯಾಗುತ್ತದೆ. ಟೇಬಲ್ ಸಾ (ಮೇಜಿಗೆ ಜೋಡಿಸಿದ ಯಂತ್ರದ ಗರಗಸ) ಇದರ ಎರಕದ ಕಬ್ಬಿಣದ ಮೇಲ್ಮೈಗೆ ಒಂದೇ ರಾತ್ರಿಯಲ್ಲಿ ಕಂದು ಚುಕ್ಕೆ ಬಂದುಬಿಟ್ಟಿತ್ತು.

ತಂಗಿಗೆ ಏಪ್ರಿಲ್‌ನಲ್ಲಿ ಮಗು. ಈ ಚಳಿಗಾಲದಲ್ಲಿ ತೊಟ್ಟಿಲು ಮಾಡಿ ಮುಗಿಸಲೇಬೇಕು. ನನ್ನ ಯೋಚನೆ ಇಷ್ಟು: ಸ್ಲ್ಯಾಬಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 2 ಇಂಚು ದಪ್ಪದ ಗಟ್ಟಿ ಫೋಮ್ ಹಾಳೆ, ಅದರ ಮೇಲೆ ಪ್ಲೈವುಡ್. ಸಾಕಾ? ಸೂರಿನ ಎತ್ತರ ಸರಿಯಾಗಿ 8 ಅಡಿ.

---

ಬಸವನಗುಡಿ_ಬಾಲ್ಕನಿ · 9:05

ದಪ್ಪ ರಬ್ಬರ್ ಮ್ಯಾಟ್ ಹಾಕಿ ಬಿಡಿ. ಇಷ್ಟೆಲ್ಲ ಯಾಕೆ?

---

ಉತ್ತರದ_ಗಾಳಿ · 9:31

ಟೊರೊಂಟೊದಿಂದ. ಮ್ಯಾಟ್‌ನಿಂದ ನಿಂತ ಜಾಗದಲ್ಲಿ ಕಾಲಿಗೆ ಸುಖ, ನಿಜ. ಆದರೆ ಕೋಣೆಯ ಶಾಖ ಹೋಗುವುದು ನಿಲ್ಲಲ್ಲ. 4 ಇಂಚಿನ ಕಾಂಕ್ರೀಟ್‌ಗೆ ಆರ್ ಮೌಲ್ಯ (ಶಾಖ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಅರ್ಧವೂ ಇಲ್ಲ. ಗುಲಾಬಿ, ನೀಲಿ ಬಣ್ಣದಲ್ಲಿ ಬರುವ ಎಕ್ಸ್‌ಪಿಎಸ್ ಫೋಮ್ ಒಂದು ಇಂಚಿಗೇ ಆರ್-5. ಬಿಳಿ ಇಪಿಎಸ್ ಸುಮಾರು ಆರ್-4. ಲೆಕ್ಕ ನೀವೇ ಹಾಕಿ.

ಮರಗೆಲಸ ಅವರೇ, ನಿಮ್ಮ ಯೋಚನೆ ಸರಿ ಇದೆ. 280 ಚದರ ಅಡಿಗೆ 4x8 ಹಾಳೆ ಒಂಬತ್ತು ಬೇಕು, ತುಂಡು ವ್ಯರ್ಥ ಸೇರಿ ಹತ್ತು ತನ್ನಿ. ಒಂದೇ ವಾರಾಂತ್ಯದ ಕೆಲಸ.

---

ಕಲ್ಲುಮಣ್ಣು · 10:15

ಸ್ವಲ್ಪ ನಿಲ್ಲಿ. ಫೋಮ್ ತರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಜುಲೈನಲ್ಲಿ ಕಂಡ ನೀರು ಎಲ್ಲಿಂದ ಬಂತು? ಕೆಳಗಿನ ಮಣ್ಣಿನಿಂದಲೋ, ಮೇಲಿನ ಗಾಳಿಯಿಂದಲೋ? ಎರಡಕ್ಕೂ ಮದ್ದು ಬೇರೆ ಬೇರೆ. ಹುಬ್ಬಳ್ಳಿಯಲ್ಲಿ ಹತ್ತು ವರ್ಷ, ಈಗ ಮಿಶಿಗನ್‌ನಲ್ಲಿ ಹದಿನಾರು ವರ್ಷ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಇದನ್ನು ಕೇಳದೆ ನೆಲ ಮುಚ್ಚಿದವರ ಪ್ಲೈವುಡ್ ಮೂರನೇ ವರ್ಷಕ್ಕೆ ಕಪ್ಪಗಾಗಿ ಕಿತ್ತುಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಪರೀಕ್ಷೆ ಸುಲಭ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು 18 ಇಂಚಿಗೆ 18 ಇಂಚು ಕತ್ತರಿಸಿ. ನೆಲ ಗುಡಿಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಕಡಿಮೆ ಅಂದರೆ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ, ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ, ನೀರು ಮಣ್ಣಿನಿಂದ ಬರುತ್ತಿದೆ. ಹಾಳೆಯ ಮೇಲ್ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಒಂದೇ ಕಡೆ ಮಾಡಬೇಡಿ. ನಡುವೆ ಒಂದು, ಪ್ರತಿ ಮೂಲೆಯಲ್ಲಿ ಒಂದೊಂದು ಮಾಡಿ.

---

ಸಾಗರದ_ಹುಡುಗ · 10:50

ನೆಲ ಬೆವರುವುದು ಅಂದ ಕೂಡಲೇ ನಮ್ಮ ಮನೆ ನೆನಪಾಯಿತು. ಆಷಾಢದಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಕಾಲಿಟ್ಟರೆ ಬೆರಳಿನ ಅಚ್ಚು ಮೂಡುತ್ತದೆ. ಅಮ್ಮ ಅಡುಗೆಮನೆಯಿಂದ ಜಗುಲಿವರೆಗೆ ಗೋಣಿಚೀಲ ಹಾಸಿಡುತ್ತಾರೆ. ಬರಿ ನೆಲದಲ್ಲಿ ಕೂತರೆ ಅಜ್ಜಿ ಬೈಯುತ್ತಿದ್ದರು, "ಮಣೆ ಹಾಕ್ಕೋ ಮಾರಾಯ, ಶೀತ ಆಗ್ತು." ಒಂದು ಇಂಚು ದಪ್ಪದ ಹಲಸಿನ ಮಣೆ. ಅಷ್ಟರಲ್ಲೇ ಬೆಚ್ಚಗೆ ಕೂರುತ್ತಿದ್ದೆವು. ನೀವು ಮಾಡಲು ಹೊರಟಿದ್ದು ಕೋಣೆಗಿಡೀ ಒಂದು ಮಣೆ!

ಅಜ್ಜ ಉಳಿಗಳಿಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಒಳ್ಳೆ ಮರದ ಹಲಗೆಗಳೆಲ್ಲ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆ ತಾಗಿ ತಾಗಿ ಒಣಗಿದ ಮರಕ್ಕೆ ಹುಳು ಹಿಡಿಯುತ್ತಿರಲಿಲ್ಲ.

---

ಬಸವನಗುಡಿ_ಬಾಲ್ಕನಿ · 11:02

ಹಲಸಿನ ಮಣೆ ಈಗ ಎಲ್ಲಿ ಸಿಗುತ್ತದೆ ಹೇಳಿ. ಹುಡುಕಿ ಸಾಕಾಗಿದೆ.

---

ಸಾಗರದ_ಹುಡುಗ · 11:20

ನಮ್ಮ ಕಡೆ ಬಡಗಿಗಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು, ಆದರೆ ಮಣೆಗೆ ಸಾಮಾನ್ಯ ಬಡಗಿಯೇ ಸಾಕು. ಮಳೆಗಾಲ ಕಳೆದ ಮೇಲೆ ಹೇಳಿ. ಹಸಿ ಮರದಲ್ಲಿ ಮಾಡಿದರೆ ಬೆಂಗಳೂರಿಗೆ ತಂದ ಮೇಲೆ ಸೊಟ್ಟಗಾಗುತ್ತದೆ.

---

ಮರಗೆಲಸ_ಮಿನ್ನೆಸೋಟ · ಮಧ್ಯಾಹ್ನ 12:10

ಕಲ್ಲುಮಣ್ಣು ಸರ್, ಈಗಲೇ ಐದು ಹಾಳೆ ಅಂಟಿಸಿ ಬಂದೆ. ನಾಳೆ ಸಂಜೆ ತೆಗೆಯುತ್ತೇನೆ.

---

ಹಾಸನ_ಹೆಲ್ಸಿಂಕಿ · 1:25

ಫಿನ್‌ಲ್ಯಾಂಡ್‌ನಲ್ಲಿ ಹೊಸ ಮನೆಗೆ ಸ್ಲ್ಯಾಬಿನ ಕೆಳಗೇ 20 ಸೆಂಟಿಮೀಟರ್ ಇಪಿಎಸ್ ಹಾಕುವುದು ಸಾಮಾನ್ಯ. ಮನೆಯ ಸುತ್ತ ಮಣ್ಣಿನೊಳಗೂ ಅಡ್ಡಕ್ಕೆ ಫೋಮ್ ಹಾಸುತ್ತಾರೆ, ಹಿಮ ಪಾಯದ ಕೆಳಗೆ ಇಳಿಯಬಾರದು ಅಂತ. ನೀವು ಬರೀ ಮೇಲಿಂದ ಯೋಚಿಸುತ್ತಿದ್ದೀರಿ. ಶಾಖ ಜಾಸ್ತಿ ಸೋರುವುದು ಸ್ಲ್ಯಾಬಿನ ಅಂಚಿನಿಂದ. ನಡುವಿನ ನೆಲದ ಕೆಳಗಿನ ಆಳದ ಮಣ್ಣು ನಿಮ್ಮ ಕಡೆ 45–50 ಡಿಗ್ರಿ ಇರುತ್ತದೆ (ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲೇ ಹೇಳುತ್ತಿದ್ದೇನೆ). ಅಂಚಿಗೆ ತಾಗುವುದು ಮೈನಸ್ 15ರ ಗಾಳಿ. ಎಲ್ಲಿ ಮೊದಲು ಮುಚ್ಚಬೇಕು ಹೇಳಿ?

---

ಉತ್ತರದ_ಗಾಳಿ · 1:48

ಒಪ್ಪುತ್ತೇನೆ, ಆದರೆ ಅವರಿಗೆ ಇರುವುದು ಕಟ್ಟಿ ಮುಗಿದ ಕೋಣೆ. ಸ್ಲ್ಯಾಬಿನ ಕೆಳಗೆ ಈಗ ಯಾರೂ ಏನೂ ಹಾಕಲಾಗಲ್ಲ. ಹೊರಗೆ ಅಗೆಯುವುದು ಬೆನ್ನು ಮುರಿಯುವ ಕೆಲಸ. ಒಳಗಿನಿಂದ ಮಾಡಿದರೆ ಕಾಲಿಗೆ ಈ ಚಳಿಗಾಲದಲ್ಲೇ ಸುಖ ಸಿಗುತ್ತದೆ.

---

ಹಾಸನ_ಹೆಲ್ಸಿಂಕಿ · 2:02

ಕಾಲಿಗೆ ಸುಖ ಸಿಗುತ್ತದೆ. ಆದರೆ ಒಳಗೆ ಫೋಮ್ ಹಾಸಿದ ಮೇಲೆ ಸ್ಲ್ಯಾಬ್ ಇನ್ನೂ ತಣ್ಣಗಾಗುತ್ತದೆ, ಅಂಚು ಹೊರಗಿನ ಚಳಿಯಲ್ಲೇ ಉಳಿಯುತ್ತದೆ. ಗೋಡೆಯ ಬುಡದ ಸಂದಿಯಲ್ಲಿ ಒಳಗಿನ ಗಾಳಿ ನುಗ್ಗಿದರೆ ಅಲ್ಲೇ ನೀರಾಗುತ್ತದೆ. 65 ಡಿಗ್ರಿ, 50 ಶೇಕಡಾ ತೇವದ ಗಾಳಿ ಸುಮಾರು 46 ಡಿಗ್ರಿ ಇರುವ ಯಾವುದಕ್ಕೆ ತಾಗಿದರೂ ಹನಿಗಟ್ಟುತ್ತದೆ. ಅಂಚು ಅದಕ್ಕಿಂತ ತುಂಬಾ ಕೆಳಗಿರುತ್ತದೆ. ಅಂಚು ಬಿಟ್ಟು ನೆಲ ಮಾಡಬೇಡಿ, ದಯವಿಟ್ಟು.

---

ಕಲ್ಲುಮಣ್ಣು · 2:40

ಹಾಸನದವರು ಹೇಳಿದ್ದು ಸರಿ. ಅಮೆರಿಕದ ಕಟ್ಟಡ ನಿಯಮಗಳ (ಕೋಡ್) ಪ್ರಕಾರ ನಿಮ್ಮದು 6ನೇ ಹವಾಮಾನ ವಲಯ. ಹೊಸದಾಗಿ ಕಟ್ಟುವಾಗ ಮಾದರಿ ಕೋಡ್ ಅಲ್ಲಿ ಅಂಚಿಗೆ ಆರ್-10 ಕೇಳುತ್ತದೆ, 4 ಅಡಿಯಷ್ಟು. ಹಳೆಯ ಕೋಣೆಗೆ ಅಷ್ಟೂ ಆಗದಿದ್ದರೆ 2 ಅಡಿ ಇಳಿದರೂ ತುಂಬಾ ಉಪಯೋಗ, ಯಾಕಂದರೆ ಮೇಲಿನ ಮಣ್ಣೇ ಜಾಸ್ತಿ ತಣ್ಣಗಿರುವುದು. ಅಗೆಯುವುದಾದರೆ ಈ ತಿಂಗಳಲ್ಲೇ ಅಗೆಯಿರಿ. ಡಿಸೆಂಬರ್ ಬಂದರೆ ಗುದ್ದಲಿ ಮಣ್ಣಿಗಿಳಿಯಲ್ಲ.

ಅದಕ್ಕೂ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್ ಎಲ್ಲಿ ಹೋಗಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ. ದುಡ್ಡು ತಗೊಳ್ಳಲ್ಲ.

---

ಅಟ್ಲಾಂಟಾ_ಅಕ್ಕ · ಸಂಜೆ 4:12

ಇದನ್ನು ಓದುವ ದಕ್ಷಿಣದವರು ಹುಷಾರು! ಜಾರ್ಜಿಯಾ, ಫ್ಲಾರಿಡಾ ಕಡೆ ಗೆದ್ದಲು ಜಾಸ್ತಿ. ಮಣ್ಣಿಗೆ ತಾಗುವ ಹಾಗೆ ಫೋಮ್ ಹಾಕಲು ಕೋಡ್ ಬಿಡುವುದಿಲ್ಲ. ಗೆದ್ದಲು ಫೋಮ್ ತಿನ್ನುವುದಿಲ್ಲ, ಅದರೊಳಗೆ ದಾರಿ ಕೊರೆದುಕೊಂಡು ಯಾರ ಕಣ್ಣಿಗೂ ಬೀಳದೆ ಮರದ ಗೋಡೆಗೆ ಹತ್ತುತ್ತದೆ. ನಮ್ಮ ಪಕ್ಕದ ಮನೆಯವರ ಕಿಟಕಿ ಚೌಕಟ್ಟನ್ನು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು.

---

ಸಾಗರದ_ಹುಡುಗ · 4:30

ಅಕ್ಕ, ಗೆದ್ದಲಿನ ವಿಷಯ ನಮಗೆ ಹೇಳಬೇಡಿ. ಅಡಿಕೆ ಚೀಲ ಇಟ್ಟ ಮರದ ಮಂಚವನ್ನೇ ಒಂದು ಮಳೆಗಾಲದಲ್ಲಿ ಮುಗಿಸಿದ್ದವು. ಮೇಲಿಂದ ಬಣ್ಣ ಹಾಗೇ ಇತ್ತು, ಒಳಗೆ ಬರೀ ಮಣ್ಣು.

---

ಉತ್ತರದ_ಗಾಳಿ · 4:41

ಮಿನ್ನೆಸೋಟದಲ್ಲಿ ಗೆದ್ದಲಿನ ಕಾಟ ಅಷ್ಟಿಲ್ಲ. ಆದರೆ ಮರ ಕೊರೆಯುವ ಕಪ್ಪು ಇರುವೆ ಇದೆ. ಅದಕ್ಕೂ ಫೋಮ್ ಅಂದರೆ ಇಷ್ಟ. ಮಣ್ಣಿನ ಮೇಲೆ ಕಾಣುವ ಭಾಗವನ್ನು ತಗಡಿನಿಂದ ಮುಚ್ಚಿ, ಮೇಲಿನ ಸಂದಿಗೆ ಸೀಲಂಟ್ ಹಾಕಿ. ಬಿಸಿಲು ಬಿದ್ದರೂ ಫೋಮ್ ಪುಡಿಯಾಗುತ್ತದೆ.

---

ಬೆಸುಗೆ_ದಾವಣಗೆರೆ · 5:15

ನನ್ನದು ವೆಲ್ಡಿಂಗ್ ಶೆಡ್. ಒಂದೇ ಮಾತು. ಫೋಮ್ ಎಲ್ಲೂ ಬರಿದಾಗಿ ಕಾಣಬಾರದು. ಕಿಡಿ ಬಿದ್ದರೆ ಕರಗಿ ಹೊತ್ತಿಕೊಳ್ಳುತ್ತದೆ, ಹೊಗೆ ವಿಷ. ಗ್ರೈಂಡರ್ ಹಿಡಿಯುವ ಅಭ್ಯಾಸ ಇದ್ದರೆ ಒಂದು ಮೂಲೆಯ ಕಾಂಕ್ರೀಟ್ ಹಾಗೇ ಬಿಡಿ, ಇಲ್ಲ ಪ್ಲೈ ಮೇಲೆ ಸಿಮೆಂಟ್ ಬೋರ್ಡ್ ಹಾಕಿ. ನಮ್ಮ ಹುಡುಗ ಒಬ್ಬ ಗೇಟ್ ಕತ್ತರಿಸುವಾಗ ಕಿಡಿ ಹದಿನೈದು ಅಡಿ ದೂರದ ಥರ್ಮೋಕೋಲ್ ರಾಶಿಗೆ ಹಾರಿತ್ತು. ನೀರಿನ ಡ್ರಮ್ ಪಕ್ಕದಲ್ಲೇ ಇತ್ತು, ಬಚಾವಾದೆವು.

---

ಹೊಸ_ಗರಗಸ · 6:02

ನನ್ನದೊಂದು ಸಂಶಯ. ಟೇಬಲ್ ಸಾ 500 ಪೌಂಡ್ ತೂಗುತ್ತದೆ. ಫೋಮ್ ಕುಸಿಯಲ್ವಾ? ಥರ್ಮೋಕೋಲ್ ಬೆರಳಲ್ಲೇ ಒತ್ತಿ ಹೋಗುತ್ತದೆ.

---

ಕಲ್ಲುಮಣ್ಣು · 6:30

ಟಿವಿ ಡಬ್ಬದೊಳಗೆ ಬರುವ ಥರ್ಮೋಕೋಲ್ ಬೇರೆ, ಇದು ಬೇರೆ. ಹಾಳೆಯ ಮೇಲೆ ಪಿಎಸ್‌ಐ (ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಭಾರ ತಡೆಯುತ್ತದೆ) ಅಂತ ಅಚ್ಚಾಗಿರುತ್ತದೆ. 15, 25, 40 ಹೀಗೆ ಬರುತ್ತವೆ. 25 ಪಿಎಸ್‌ಐ ಅಂದರೆ ಒಂದು ಚದರ ಅಡಿಗೆ 3,600 ಪೌಂಡ್. ವರ್ಷಗಟ್ಟಲೆ ಕೂರುವ ಭಾರಕ್ಕೆ ಅದರ ಮೂರನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ತಗೊಳ್ಳಿ, 1,200 ಆಯಿತು. ನಿಮ್ಮ ಯಂತ್ರದ ಒಂದು ಕಾಲಿಗೆ ಬೀಳುವುದು 125 ಪೌಂಡ್. ಮುಕ್ಕಾಲು ಇಂಚು ಪ್ಲೈವುಡ್ ಅದನ್ನು ಹರಡಿಕೊಳ್ಳುತ್ತದೆ. ಏನೂ ಆಗಲ್ಲ.

ಕುಸಿಯುವುದಕ್ಕಿಂತ ಅಲುಗಾಡುವುದೇ ದೊಡ್ಡ ಕಾಟ. ಸ್ಲ್ಯಾಬಿನಲ್ಲಿ ತಗ್ಗು ಇದ್ದರೆ ಹಾಳೆ ಅಲ್ಲಿ ಕುಣಿಯುತ್ತದೆ, ಕಾಲಿಟ್ಟಾಗಲೆಲ್ಲ ಕಿರ್ ಅನ್ನುತ್ತದೆ. ಉದ್ದನೆಯ ನೇರ ಪಟ್ಟಿ ಇಟ್ಟು ನೋಡಿ, ತಗ್ಗನ್ನು ಲೆವೆಲಿಂಗ್ ಸಿಮೆಂಟಿನಿಂದ ತುಂಬಿ ಒಣಗಿಸಿದ ಮೇಲೆಯೇ ಮುಂದುವರಿಯಿರಿ.

---

ಮರಗೆಲಸ_ಮಿನ್ನೆಸೋಟ · ಅಕ್ಟೋಬರ್ 5, ಸಂಜೆ 7:20

ಹಾಳೆಗಳನ್ನು ತೆಗೆದೆ. ಸುಮಾರು 31 ಗಂಟೆ ಆಗಿತ್ತು. ನಡುವಿನದು ಪೂರ್ತಿ ಒಣಗಿದೆ. ಮೂರು ಮೂಲೆಗಳೂ ಒಣಗಿವೆ. ವಾಯವ್ಯ ಮೂಲೆಯದು ಎತ್ತಿದಾಗ ಒಳಮೈಯಲ್ಲಿ ಸಾಸಿವೆಕಾಳಿನಷ್ಟು ಹನಿಗಳು ಸಾಲಾಗಿ ನಿಂತಿದ್ದವು. ಕಾಂಕ್ರೀಟ್ ಮೇಲೆ ಹಾಳೆಯ ಅಳತೆಗೆ ಸರಿಯಾಗಿ ಒಂದು ಕಪ್ಪು ಚೌಕ.

ಹೊರಗೆ ಹೋಗಿ ನೋಡಿದೆ. ಸೂರಿನ ನೀರು ಇಳಿಯುವ ಪೈಪು ಅದೇ ಮೂಲೆಯಲ್ಲಿ ಗೋಡೆಗೆ ಒಂದು ಅಡಿ ದೂರದಲ್ಲಿ ಬಾಯಿ ಬಿಟ್ಟಿದೆ. ಮಣ್ಣೂ ಮನೆಯ ಕಡೆಗೇ ಇಳಿಜಾರಾಗಿದೆ. ಮೂರು ವರ್ಷದಿಂದ ದಿನಾ ಆ ದಾರಿಯಲ್ಲೇ ಓಡಾಡಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ.

---

ಕಲ್ಲುಮಣ್ಣು · 7:45

ಇದಕ್ಕೇ ಹೇಳಿದ್ದು! ಈಗ ನಿಮಗೆ ಗೊತ್ತಾಯಿತು. ಆ ಪೈಪಿಗೆ ಉದ್ದನೆಯ ತುಂಡು ಸೇರಿಸಿ ನೀರನ್ನು ಹತ್ತು ಅಡಿ ಆಚೆ ಬಿಡಿ. ಮಣ್ಣು ಏರಿಸಿ ಗೋಡೆಯಿಂದ ಹೊರಕ್ಕೆ ಇಳಿಜಾರು ಮಾಡಿ. ಮೊದಲ 10 ಅಡಿಯಲ್ಲಿ 6 ಇಂಚು ಇಳಿಯಬೇಕು.

ಇನ್ನೊಂದು ಕೇಳಬೇಕು. ಜುಲೈನಲ್ಲಿ ಕೆಲಸ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದಿರಾ?

---

ಮರಗೆಲಸ_ಮಿನ್ನೆಸೋಟ · 7:52

ಹೌದು, ಎರಡೂ ಬಾಗಿಲು. ಗಾಳಿ ಆಡಿದರೆ ನೆಲ ಒಣಗುತ್ತದೆ ಅಂದುಕೊಂಡಿದ್ದೆ.

---

ಕಲ್ಲುಮಣ್ಣು · 8:10

ಬಾಗಿಲಿಂದಲೇ ನೀರು ಒಳಗೆ ಬಂದಿದೆ. ಜುಲೈನಲ್ಲಿ ನಿಮ್ಮ ಕಡೆ ಹೊರಗಿನ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ಹನಿಗಟ್ಟುವ ಉಷ್ಣತೆ, ಎಷ್ಟೋ ದಿನ 70 ಡಿಗ್ರಿ ಮುಟ್ಟುತ್ತದೆ. ಸ್ಲ್ಯಾಬ್ 65ರಲ್ಲಿ ಇರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದಿಲ್ವಾ, ಹಾಗೇ ನೆಲವೂ. ಟೇಬಲ್ ಸಾ ಕೂಡ ಅಷ್ಟೇ ತಣ್ಣಗಿರುವ ಕಬ್ಬಿಣ. ಸೆಕೆ ದಿನ ಬಾಗಿಲು ಹಾಕಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಟ್ಟು ತೇವವನ್ನು 50 ಶೇಕಡಾ ಆಸುಪಾಸು ಇಟ್ಟುಕೊಳ್ಳಿ. ಫೋಮ್ ಹಾಸಿದ ಮೇಲೆ ಕಾಲಿಗೆ ತಾಗುವ ಮೈ ಗಾಳಿಯಷ್ಟೇ ಬೆಚ್ಚಗಾಗುವುದರಿಂದ ಬೆವರುವುದು ನಿಲ್ಲುತ್ತದೆ.

---

ಸಾಗರದ_ಹುಡುಗ · 8:22

ನಮ್ಮ ಅಮ್ಮನೂ ಮಳೆಗಾಲದಲ್ಲಿ "ಕಿಟಕಿ ತೆಗಿ, ನೆಲ ಒಣಗಲಿ" ಅನ್ನುತ್ತಾರೆ. ನಾಳೆ ಫೋನ್ ಮಾಡಿ ಹೇಳುತ್ತೇನೆ. ಒಪ್ಪುವುದು ಕಷ್ಟ.

---

ಹೊಸ_ಗರಗಸ · 9:15

ಪ್ಲಾಸ್ಟಿಕ್ ಹಾಳೆಯ ವಿಷಯ ಯಾರೂ ಮಾತಾಡಲಿಲ್ಲ. ಸ್ಲ್ಯಾಬಿನ ಮೇಲೆ ಪ್ಲಾಸ್ಟಿಕ್ ಹಾಕಿದರೆ ತೇವ ಕೆಳಗೇ ಸಿಕ್ಕಿ ಬೂಸ್ಟು ಹಿಡಿಯಲ್ವಾ? ನಮ್ಮ ಮಾವ ಪ್ಲಾಸ್ಟಿಕ್ ಹಾಕಬೇಡಿ, ನೆಲ ಉಸಿರಾಡಬೇಕು ಅನ್ನುತ್ತಾರೆ.

---

ಉತ್ತರದ_ಗಾಳಿ · 9:40

ಬೂಸ್ಟಿಗೆ ತಿನ್ನಲು ಏನಾದರೂ ಬೇಕು. ಮರ, ಕಾಗದ, ಧೂಳು. ಕಾಂಕ್ರೀಟ್‌ನಲ್ಲಿ ಅದಿಲ್ಲ, ಫೋಮ್‌ನಲ್ಲೂ ಇಲ್ಲ. ನೆಲ ಚೆನ್ನಾಗಿ ಗುಡಿಸಿ, ವ್ಯಾಕ್ಯೂಮ್ ಹೊಡೆದು ಹಾಳೆ ಹಾಕಿದರೆ ಕೆಳಗೆ ತೇವ ಇದ್ದರೂ ತೊಂದರೆ ಇಲ್ಲ. ಮರದ ಪದರ ಫೋಮಿನ ಮೇಲೆ, ಬೆಚ್ಚಗಿರುವ ಕಡೆ ಇರಬೇಕು, ಅಷ್ಟೇ. ನಿಮ್ಮ ಮಾವ ಹೇಳುವುದು ಪ್ಲೈವುಡ್ಡನ್ನು ನೇರ ಕಾಂಕ್ರೀಟ್ ಮೇಲೆ ಹಾಸಿದ ಕಾಲದ ಅನುಭವ ಇರಬೇಕು. ಆಗ ಅದು ನಿಜವೇ.

ಮತ್ತೆ ಬಬಲ್ ಇರುವ ಬೆಳ್ಳಿ ಬಣ್ಣದ ತೆಳು ಹಾಳೆ ಮಾರುತ್ತಾರಲ್ಲ, ಅದನ್ನು ನೆಲಕ್ಕೆ ತರಬೇಡಿ. ಬೆಳ್ಳಿ ಮೈಯ ಮುಂದೆ ಖಾಲಿ ಗಾಳಿ ಇದ್ದರೆ ಮಾತ್ರ ಅದರ ಕೆಲಸ. ಪ್ಲೈವುಡ್ ಕೆಳಗೆ ಒತ್ತಿಕೊಂಡು ಮಲಗಿದರೆ ಹೆಚ್ಚೆಂದರೆ ಆರ್-1.

---

ಬೆಸುಗೆ_ದಾವಣಗೆರೆ · 9:58

ಹಳೇ ಫೋಮ್ ಅಗ್ಗಕ್ಕೆ ಸಿಗುತ್ತಂತಲ್ಲ, ದೊಡ್ಡ ಅಂಗಡಿಗಳ ತಾರಸಿಯಿಂದ ಕಿತ್ತದ್ದು?

---

ಕಲ್ಲುಮಣ್ಣು · 10:05

ಸಿಗುತ್ತದೆ. ಹೆಚ್ಚಿನದು ಹಳದಿ ಬಣ್ಣದ ಪಾಲಿಐಸೊ. ಅದು ನೀರು ಹೀರುತ್ತದೆ. ಮಣ್ಣಿನೊಳಗೆ ಬೇಡವೇ ಬೇಡ. ಬಿಳಿ, ನೀಲಿ, ಗುಲಾಬಿ ಸಿಕ್ಕಿದರೆ ಧಾರಾಳವಾಗಿ ತನ್ನಿ.

---

ಮೆಟ್ಟಿಲು_ಮಂಡ್ಯ · ಅಕ್ಟೋಬರ್ 6, ಬೆಳಿಗ್ಗೆ 7:10

ಮನೆಯಿಂದ ವರ್ಕ್‌ಶಾಪಿಗೆ ಇಳಿಯಲು ಮೆಟ್ಟಿಲು ಇದೆಯಾ? ನಾನು ಇದೇ ಕೆಲಸ ಮಾಡಿ ಮೆಟ್ಟಿಲು ಮರೆತುಬಿಟ್ಟಿದ್ದೆ. ನೆಲ 3 ಇಂಚು ಏರಿತು, ಕೊನೆಯ ಮೆಟ್ಟಿಲು 4 ಇಂಚಾಯಿತು. ಮೊದಲ ವಾರದಲ್ಲೇ ನಮ್ಮ ಅತ್ತೆ ಎಡವಿ ಮಣಿಕಟ್ಟು ಮುರಿದುಕೊಂಡರು. ಆ ದಿನ ನೆನೆದರೆ ಈಗಲೂ ಸಂಕಟ ಆಗುತ್ತದೆ. ಮೆಟ್ಟಿಲುಗಳ ಎತ್ತರದ ನಡುವೆ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಕೋಡ್ ಇರುವುದು ಸುಮ್ನೆ ಅಲ್ಲ.

---

ಮರಗೆಲಸ_ಮಿನ್ನೆಸೋಟ · 7:35

ಅಯ್ಯೋ, ಅತ್ತೆಯವರು ಈಗ ಹೇಗಿದ್ದಾರೆ? ನನ್ನದು ಎರಡು ಏರು, ತಲಾ 7 ಇಂಚು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಫೋಮ್ ಒಂದೂವರೆ ಇಂಚಿಗೆ ಇಳಿಸಿ, ಮುಕ್ಕಾಲು ಇಂಚು ಪ್ಲೈ ಹಾಕಿದರೆ ಒಟ್ಟು ಎರಡೂಕಾಲು. ಉಳಿದದ್ದನ್ನು ಎರಡು ಪಾಲು ಮಾಡಿದರೆ ಪ್ರತಿ ಏರು 6 ಇಂಚಿಗೆ ಚೂರು ಕಡಿಮೆ. ಮೆಟ್ಟಿಲು ಹೊಸದಾಗಿ ಮಾಡುತ್ತೇನೆ.

---

ಮೆಟ್ಟಿಲು_ಮಂಡ್ಯ · 7:50

ಈಗ ಆರಾಮಾಗಿದ್ದಾರೆ, ರೊಟ್ಟಿ ತಟ್ಟುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಿದ್ದರೆ ಅದರ ಬುಡವನ್ನೂ ಅಳೆಯಿರಿ.

---

ಹಾಸನ_ಹೆಲ್ಸಿಂಕಿ · 8:20

ಒಂದೂವರೆ ಇಂಚು ಅಂದರೆ ಆರ್-7.5. ಎರಡು ಇಂಚೇ ಹಾಕಿ ಅಂತ ನನ್ನ ಒತ್ತಾಯ. ಅರ್ಧ ಇಂಚು ಎತ್ತರಕ್ಕೆ ಯಾಕೆ ಜಿಪುಣತನ?

---

ಮರಗೆಲಸ_ಮಿನ್ನೆಸೋಟ · 8:31

8 ಅಡಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಲು ಈಗಲೇ ಆಗಲ್ಲ. ಪ್ರತಿ ಅರ್ಧ ಇಂಚೂ ಲೆಕ್ಕಕ್ಕೆ ಬರುತ್ತದೆ. ಅಂಚಿಗೆ ಹೊರಗಿನಿಂದ 2 ಇಂಚು ಹಾಕುತ್ತೇನೆ, ಅದರಲ್ಲಿ ರಾಜಿ ಇಲ್ಲ.

---

ರೋಚೆಸ್ಟರ್_ರೇಖಾ · 11:40

ನಾನೂ ಮಿನ್ನೆಸೋಟದವಳೇ. ಮುಚ್ಚುವ ಮೊದಲು ರೇಡಾನ್ ಅಳೆಯಿರಿ, ಇದನ್ನು ಯಾರೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ ಐದರಲ್ಲಿ ಎರಡು ಮನೆಗಳಲ್ಲಿ ಅದು ಜಾಸ್ತಿ ಇದೆ. ಅದು ವಿಕಿರಣ ಸೂಸುವ ಅನಿಲ, ಬಣ್ಣ ಇಲ್ಲ, ವಾಸನೆ ಇಲ್ಲ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ. ಮಣ್ಣಿನಿಂದ ಸ್ಲ್ಯಾಬಿನ ಬಿರುಕಿನ ಮೂಲಕ ಬರುತ್ತದೆ. ಗಾಳಿಯಲ್ಲಿ ಲೀಟರ್‌ಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ದಾಟಿದರೆ ಸರಿಪಡಿಸಲೇಬೇಕು. ಜೂನ್ 2009ರ ನಂತರ ಕಟ್ಟಿದ ಹೊಸ ಮನೆಗಳಿಗೆ ಇಲ್ಲಿ ಅದನ್ನು ಹೊರಹಾಕಲು ಸ್ಲ್ಯಾಬಿನ ಕೆಳಗಿಂದ ಸೂರಿನವರೆಗೆ ಪೈಪ್ ಕಡ್ಡಾಯ, ಹಳೆಯದಕ್ಕೆ ಅದು ಇರಲ್ಲ. ನೆಲ ಮುಚ್ಚಿದ ಮೇಲೆ ಬಿರುಕು ಹುಡುಕಲು ಆಗಲ್ಲ. ಈಗಲೇ ಎಲ್ಲ ಬಿರುಕಿಗೂ, ಗೋಡೆ ಸೇರುವ ಸಂದಿಗೂ ಪಾಲಿಯುರೆಥೇನ್ ಸೀಲಂಟ್ ತುಂಬಿ. ತಂಗಿಯ ಮಗು ಆ ಮನೆಗೆ ಬರುತ್ತದಲ್ವಾ?

---

ಮರಗೆಲಸ_ಮಿನ್ನೆಸೋಟ · ಮಧ್ಯಾಹ್ನ 12:05

ರೇಡಾನ್ ಅಳೆಯುವ ಕಿಟ್ ಈಗಲೇ ತರಿಸಿದೆ ರೇಖಾ ಅವರೇ. ತುಂಬಾ ಥ್ಯಾಂಕ್ಸ್.

---

ಬಸವನಗುಡಿ_ಬಾಲ್ಕನಿ · 12:30

ಇಷ್ಟೆಲ್ಲ ಓದಿ ನನ್ನ ಮ್ಯಾಟ್ ಮಾತನ್ನು ವಾಪಸ್ ತಗೊಳ್ಳುತ್ತೇನೆ. ನಮ್ಮಲ್ಲಿ ಕಾಟ ಮೇಲಿಂದ. ಏಪ್ರಿಲ್‌ನಲ್ಲಿ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತದೆ. ಅದಕ್ಕೂ ಇದೇ ಫೋಮ್ ಆಗುತ್ತಾ?

---

ಕಲ್ಲುಮಣ್ಣು · 12:55

ಆಗುತ್ತದೆ. ತಾರಸಿಯ ಮೇಲ್ಗಡೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಎಕ್ಸ್‌ಪಿಎಸ್, ಅದರ ಮೇಲೆ ಸಿಮೆಂಟ್ ಪದರ. ಒಳಗಿನಿಂದ ಹಾಕಿದರೆ ಸ್ಲ್ಯಾಬ್ ಬಿಸಿಲಲ್ಲಿ ಕಾಯುವುದು ತಪ್ಪಲ್ಲ. ಮೊದಲು ಬಿಳಿ ಬಣ್ಣ ಬಳಿದು ನೋಡಿ, ಅದಕ್ಕೇ ಎಷ್ಟೋ ತಗ್ಗುತ್ತದೆ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರೆಯಲು ತುಂಬಾ ಇದೆ.

---

ಮರಗೆಲಸ_ಮಿನ್ನೆಸೋಟ · ನವೆಂಬರ್ 9, ರಾತ್ರಿ 9:30

ಕೆಲಸದ ವರದಿ. ರೇಡಾನ್ 2.1 ಬಂತು, ಆದರೂ ಬಿರುಕುಗಳಿಗೆಲ್ಲ ಸೀಲಂಟ್ ತುಂಬಿದೆ. 811ರವರು ಬಂದು ಗ್ಯಾಸ್ ಲೈನಿಗೆ ಹಳದಿ ಗುರುತು ಹಾಕಿ ಹೋದರು. ಅದು ನಾನು ಅಗೆಯಬೇಕೆಂದಿದ್ದ ಪೂರ್ವದ ಬದಿಯಲ್ಲೇ ಇತ್ತು. ಅಲ್ಲಿ ಗುದ್ದಲಿ ಹಿಡಿಯದೆ ಕೈಸಲಿಕೆಯಲ್ಲಿ ನಿಧಾನವಾಗಿ ತೆಗೆದೆ.

ಮೂರು ಬದಿ ಸೇರಿ 48 ಅಡಿ ಉದ್ದ, 2 ಅಡಿ ಆಳ. ಮೂರು ವಾರಾಂತ್ಯ ಹಿಡಿಯಿತು. 2 ಇಂಚು ಎಕ್ಸ್‌ಪಿಎಸ್ ನಿಲ್ಲಿಸಿ, ಮೇಲೆ ತಗಡು ಬಗ್ಗಿಸಿ ಮುಚ್ಚಿದೆ. ಪೈಪನ್ನು ಹತ್ತು ಅಡಿ ಆಚೆ ಕೊಂಡೊಯ್ದೆ. ಅಗೆದ ಮಣ್ಣಲ್ಲೇ ಇಳಿಜಾರು ಮಾಡಿದೆ.

ಎರಡು ಮಳೆ ಬಿದ್ದ ಮೇಲೆ ವಾಯವ್ಯ ಮೂಲೆಯಲ್ಲಿ ಮತ್ತೆ ಹಾಳೆ ಅಂಟಿಸಿದೆ. ಹನಿ ಇಲ್ಲ. ಕಾಂಕ್ರೀಟ್ ಮಾತ್ರ ಚೂರು ಮಬ್ಬಾಗಿತ್ತು.

---

ಕಲ್ಲುಮಣ್ಣು · 9:50

ಕೆಳಗಿನ ಮಣ್ಣು ಒಣಗಲು ತಿಂಗಳುಗಳು ಬೇಕು. ಪ್ಲಾಸ್ಟಿಕ್ ಹಾಕುತ್ತೀರಲ್ಲ, ಮುಂದುವರಿಯಿರಿ. ಆ ಮೂಲೆಯ ಪ್ಲೈ ತುಂಡಿಗೆ ಮಾತ್ರ ಅಂಟು ಹಾಕದೆ ಸ್ಕ್ರೂ ಹಾಕಿ. ಬೇಸಿಗೆಯಲ್ಲಿ ಎತ್ತಿ ನೋಡಬಹುದು.

---

ಉತ್ತರದ_ಗಾಳಿ · 10:02

ಭೇಷ್! ಪ್ಲೈ ಹಾಕುವಾಗ ಗೋಡೆಯ ಸುತ್ತ ಅರ್ಧ ಇಂಚು ಜಾಗ ಬಿಡಿ, ಉಬ್ಬಿದರೆ ಏಳದ ಹಾಗೆ. ಫೋಮ್ ಹಾಳೆಗಳ ಸಂದಿಗೆಲ್ಲ ಟೇಪ್, ಗೋಡೆ ಬುಡಕ್ಕೆ ಸ್ಪ್ರೇ ಫೋಮ್.

---

ಮರಗೆಲಸ_ಮಿನ್ನೆಸೋಟ · ಜನವರಿ 18, ರಾತ್ರಿ 8:15

ಇವತ್ತು ಬೆಳಿಗ್ಗೆ ಹೊರಗೆ ಮೈನಸ್ 14. ಒಳಗೆ 62. ಗನ್ ಥರ್ಮಾಮೀಟರ್ ಹಿಡಿದು ನೋಡಿದೆ. ಹೋದ ವರ್ಷ ಇದೇ ಚಳಿಯಲ್ಲಿ ಗೋಡೆ ಬುಡದ ನೆಲ 36, ನಡುವೆ 51 ಅಂತ ಬರೆದಿಟ್ಟಿದ್ದೆ. ಈಗ ಬುಡದಲ್ಲಿ 56, ನಡುವೆ 60. ಬರೀ ಸಾಕ್ಸ್‌ನಲ್ಲಿ ಎರಡು ಗಂಟೆ ನಿಂತಿದ್ದೆ.

ತೊಟ್ಟಿಲಿನ ಒಂದು ಪಕ್ಕವನ್ನು ಮೊನ್ನೆ ಅಂಟಿಸಿ ನೆಲದ ಮೇಲೇ ಇಟ್ಟೆ, ಬೇಕೆಂದೇ. ಇವತ್ತು ಕ್ಲ್ಯಾಂಪ್ ಬಿಚ್ಚಿದೆ. ಹೊರಗೆ ಉಕ್ಕಿದ ಅಂಟು ಜೇನಿನ ಬಣ್ಣಕ್ಕೆ ಗಟ್ಟಿಯಾಗಿತ್ತು, ಉಗುರಲ್ಲಿ ಕೆರೆದರೂ ಏಳಲಿಲ್ಲ. ಉಳಿದ ತುಂಡುಗಳಲ್ಲಿ ಒಂದು ಜೋಡಿ ಅಂಟಿಸಿ ಸುತ್ತಿಗೆಯಲ್ಲಿ ಹೊಡೆದೆ. ಮರ ಸೀಳಿತು, ಸಂದು ಬಿಡಲಿಲ್ಲ.

---

ರೋಚೆಸ್ಟರ್_ರೇಖಾ · 8:40

ಓದಿ ತುಂಬಾ ಖುಷಿ ಆಯಿತು. ನೆಲ ಮುಚ್ಚಿದ ಮೇಲೆ ರೇಡಾನ್ ಇನ್ನೊಮ್ಮೆ ಅಳೆದಿರಾ? ಚಳಿಗಾಲದಲ್ಲಿ ಬಾಗಿಲು ಮುಚ್ಚಿರುವಾಗಲೇ ಅಳೆಯಬೇಕು.

---

ಮರಗೆಲಸ_ಮಿನ್ನೆಸೋಟ · 8:47

ಕಿಟ್ ಇಟ್ಟಿದ್ದೇನೆ, ಗುರುವಾರ ತೆಗೆಯಬೇಕು. ಫಲಿತಾಂಶ ಇಲ್ಲೇ ಹಾಕುತ್ತೇನೆ.

---

ಸಾಗರದ_ಹುಡುಗ · 9:05

ತೊಟ್ಟಿಲು ಯಾವ ಮರ?

---

ಮರಗೆಲಸ_ಮಿನ್ನೆಸೋಟ · 9:11

ಇಲ್ಲಿಯ ಮೇಪಲ್. ಮೇಲಿನ ಅಡ್ಡಪಟ್ಟಿಗೆ ಮಾತ್ರ ನಮ್ಮಮ್ಮ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಹಲಸಿನ ತುಂಡು ತಂದಿದ್ದಾರೆ. ಅದು ಈಗ ನೆಲದ ಮೇಲೆ ಒಣಗುತ್ತಿದೆ.